ಬಿಸಿಲು ತಂತಿಗಿಳಿದ ಕಥೆ

ಅಹಮದಾಬಾದಿಗೆ ಬಿಸಿಲು ಹೊಸದಲ್ಲ. 1916ರ ಮೇ ತಿಂಗಳಲ್ಲೇ ಇಲ್ಲಿ 47.8 ಡಿಗ್ರಿ ದಾಖಲಾಗಿತ್ತು. ಆ ದಾಖಲೆ ಮುರಿದದ್ದು ನೂರು ವರ್ಷಗಳ ಮೇಲೆ, 2016ರ ಮೇ 20ರಂದು. ಅಂದು 48 ಡಿಗ್ರಿ. ನಡುವೆ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ವಾಡಿಕೆಗಿಂತ ಸಾವಿರಕ್ಕೂ ಮಿಕ್ಕ ಸಾವುಗಳಾದವು. ಆ ಬಳಿಕ, 2013ರಲ್ಲಿ ನಗರಪಾಲಿಕೆ ಯೋಜನೆಯೊಂದನ್ನು ರೂಪಿಸಿತು: 41 ಡಿಗ್ರಿ ದಾಟಿದರೆ ಹಳದಿ ಎಚ್ಚರಿಕೆ, 43 ದಾಟಿದರೆ ಕಿತ್ತಳೆ, 45ಕ್ಕೆ ಕೆಂಪು. ಬಣ್ಣಕ್ಕೂ ಬಣ್ಣಕ್ಕೂ ಎರಡೇ ಡಿಗ್ರಿ ಅಂತರ. ಅಳೆಯುವ ಉಪಕರಣವೇ ಎರಡು ಡಿಗ್ರಿ ತಪ್ಪಿದರೆ?

ಬಿಸಿಯನ್ನು ವಿದ್ಯುತ್ತಿನಿಂದ ಅಳೆಯಬಹುದೆಂಬ ಸುಳಿವು ಹಳೆಯದು. ಲೋಹ ಕಾದಷ್ಟೂ ವಿದ್ಯುತ್ತಿಗೆ ಅದರ ತಡೆ ಹೆಚ್ಚುತ್ತದೆ. ಬೆಳ್ಳಿಯ ಸಲ್ಫೈಡ್ ಕಾದರೆ ತಡೆ ಇಳಿಯುವುದನ್ನು 1833ರಲ್ಲಿ ಮೈಕೇಲ್ ಫ್ಯಾರಡೆ ಕಂಡರು. ಥರ್ಮಿಸ್ಟರ್ ಎಂಬ ಉಪಕರಣ ಈ ಗುಣದಿಂದಲೇ ಹುಟ್ಟಿದ್ದು. ಪಾದರಸದ ಕೊಳವೆಯನ್ನು ಹತ್ತಿರ ಹೋಗಿ ನೋಡಬೇಕು. ಇದಕ್ಕೆ ಆ ಕಟ್ಟಿಲ್ಲ.

ಹತ್ತಿರ ಹೋಗಲಾಗದ ಜಾಗವೆಂದರೆ ಉಪಗ್ರಹ. ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್ ಅವರು ಇಲ್ಲಿನ ಭೌತ ಸಂಶೋಧನಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಶಿಷ್ಯರಾಗಿದ್ದು, ಮುಂದೆ ಅಲ್ಲಿಯೇ ಪ್ರಾಧ್ಯಾಪಕರಾದವರು. ನಮ್ಮವರೊಬ್ಬರು ಈ ಊರಿನಲ್ಲಿ ಕಲಿತ ವಿದ್ಯೆಯನ್ನು 1972ರಲ್ಲಿ ಬೆಂಗಳೂರಿಗೆ ಒಯ್ದರೆಂದು ಹೆಮ್ಮೆಯಿಂದಲೇ ಹೇಳಬಹುದು. ಪೀಣ್ಯದ ಶೆಡ್ಡುಗಳಲ್ಲಿ ಅವರ ತಂಡ ಕಟ್ಟಿದ 360 ಕಿಲೋ ತೂಕದ ಆರ್ಯಭಟ, 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಮೇಲೇರಿತು. ಅಲ್ಲಿ ಬಿಸಿಯನ್ನು ಹೊತ್ತೊಯ್ಯಲು ಗಾಳಿಯಿಲ್ಲ. ಸರ್ಕ್ಯೂಟ್ ಬೋರ್ಡಿನ ಕಾವು ಚೌಕಟ್ಟಿಗೆ ಹರಿದು, ಹೊರಮೈಯಿಂದ ವಿಕಿರಣವಾಗಿ ಹೋಗಬೇಕು. ಆದ್ದರಿಂದ ಯಾವ ಭಾಗ ಎಲ್ಲಿ ಕೂರಬೇಕೆಂಬುದು ಅಲ್ಲಿ ಅಲಂಕಾರದ ಪ್ರಶ್ನೆಯಲ್ಲ.

ಅದೇ ಸುಮಾರಿಗೆ, 1974ರಲ್ಲಿ, ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಎಂಎಸ್ 1000 ಮಾರಾಟಕ್ಕೆ ಬಂತು. ಗಣಕ, ನೆನಪು, ಹೊರಗಿನ ಸಂಪರ್ಕ, ಎಲ್ಲವೂ ಒಂದೇ ಚಿಪ್ಪಿನಲ್ಲಿ! ಅದರ ವಂಶದ ಮೈಕ್ರೋಕಂಟ್ರೋಲರ್ ಇಂದು ಬೋಡಕ್‌ದೇವ್‌ನ ಶಾಲಾ ಮಕ್ಕಳ ಮೇಜಿಗೂ ಬಂದಿದೆ. ಜೊತೆಗೆ ಎಲ್‌ಎಂ 35 ಎಂಬ ಮೂರು ಕಾಲಿನ ಸೆನ್ಸರ್: ಒಂದು ಕಾಲಿಗೆ 5 ವೋಲ್ಟ್, ಒಂದು ನೆಲಕ್ಕೆ, ನಡುವಿನದು ಚಿಪ್ಪಿಗೆ. ಡಿಗ್ರಿಗೆ 10 ಮಿಲಿವೋಲ್ಟ್. 43 ಡಿಗ್ರಿಗೆ 430.

ಜೋಡಣೆ ಇಷ್ಟೇ, ತೊಡಕು ಬೋರ್ಡಿನಲ್ಲಿ. 12 ವೋಲ್ಟನ್ನು 5ಕ್ಕೆ ಇಳಿಸುವ ರೆಗ್ಯುಲೇಟರು ಮಿಕ್ಕ 7 ವೋಲ್ಟಿನ ಶಕ್ತಿಯನ್ನು ಕಾವಾಗಿ ಚೆಲ್ಲುತ್ತದೆ. ಸೆನ್ಸರು ಪಕ್ಕದಲ್ಲೇ ಕೂತರೆ ತಾಮ್ರದ ಗೆರೆಗಳ ಮೂಲಕ ಆ ಕಾವನ್ನೇ ಓದಿ, ಹಳದಿಯ ದಿನವನ್ನು ಕಿತ್ತಳೆ ಎಂದೀತು. ಅದಕ್ಕೇ ಬಲ್ಲವರು ಅದನ್ನು ದೂರದ ಮೂಲೆಗೆ ಒಯ್ದು, ಗೆರೆಗಳನ್ನು ಸಪೂರ ಮಾಡಿ, ಸುತ್ತ ಬೋರ್ಡನ್ನೇ ಸೀಳಿ ಬಿಡುತ್ತಾರೆ.