ಉಲ್ಲೇಖ ಸೂಚ್ಯಂಕ: ಸಂಶೋಧಕರನ್ನು ತೂಗುವ ಅಂಕಿಗಳು

ಸಂಶೋಧಕರೊಬ್ಬರ ಪ್ರಬಂಧವನ್ನು ಇತರ ಸಂಶೋಧಕರು ತಮ್ಮ ಬರಹಗಳಲ್ಲಿ ಎಷ್ಟು ಬಾರಿ ಆಧಾರವಾಗಿ ಹೆಸರಿಸಿದ್ದಾರೆ ಎಂಬ ಎಣಿಕೆಯೇ ಉಲ್ಲೇಖ ಸೂಚ್ಯಂಕಗಳ ಮೂಲ. ಅಧ್ಯಾಪಕರು ಹಾಗೂ ವಿಜ್ಞಾನಿಗಳ ನೇಮಕ, ಬಡ್ತಿಗಳಲ್ಲಿ ಈ ಅಂಕಿಗಳನ್ನು ಪರಿಗಣಿಸುವ ಪದ್ಧತಿ ಹಲವು ದೇಶಗಳಲ್ಲಿದೆ. ಅದರ ವಿರುದ್ಧದ ಆಕ್ಷೇಪಗಳೂ ಅಷ್ಟೇ ಬಲವಾಗಿವೆ.

ಎರಡು ಅಳತೆಗಳು

ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ಉಲ್ಲೇಖ ಸೂಚಿಯ ಕಲ್ಪನೆಯನ್ನು ಮುಂದಿಟ್ಟರು. 1960ರ ದಶಕದಲ್ಲಿ ಅವರ ಸಂಸ್ಥೆ 'ಸೈನ್ಸ್ ಸೈಟೇಷನ್ ಇಂಡೆಕ್ಸ್' ಹೊರತಂದಿತು. ಇದರ ಜೊತೆಗೆ ಬೆಳೆದದ್ದು 'ಇಂಪ್ಯಾಕ್ಟ್ ಫ್ಯಾಕ್ಟರ್'. ಒಂದು ನಿಯತಕಾಲಿಕ ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳು ಒಂದು ವರ್ಷದಲ್ಲಿ ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡವು ಎಂಬುದನ್ನು ಇದು ತಿಳಿಸುತ್ತದೆ. ಇದು ನಿಯತಕಾಲಿಕದ ಅಳತೆಯೇ ಹೊರತು ವ್ಯಕ್ತಿಯದಲ್ಲ.

ವ್ಯಕ್ತಿಯನ್ನು ಅಳೆಯಲು ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ 'ಎಚ್-ಇಂಡೆಕ್ಸ್' ಸೂಚಿಸಿದರು. ತಲಾ ಕನಿಷ್ಠ 12 ಬಾರಿ ಉಲ್ಲೇಖಗೊಂಡ 12 ಪ್ರಬಂಧಗಳಿದ್ದರೆ ಸೂಚ್ಯಂಕ 12. ಕೇವಲ ಮೂರು ಪ್ರಬಂಧ ಬರೆದು, ಪ್ರತಿಯೊಂದಕ್ಕೂ ಸಾವಿರ ಉಲ್ಲೇಖ ಪಡೆದವರ ಸೂಚ್ಯಂಕ ಮೂರನ್ನು ದಾಟುವುದಿಲ್ಲ. ಅಳತೆಯ ಮಿತಿ ಇಲ್ಲಿಯೇ ಗೋಚರಿಸುತ್ತದೆ.

ಭಾರತದಲ್ಲಿ

ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2010ರ ನಿಯಮಾವಳಿಯಲ್ಲಿ ಅಧ್ಯಾಪಕರ ಸಾಧನೆಗೆ ಅಂಕ ನೀಡುವ 'ಎಪಿಐ' ಪದ್ಧತಿಯನ್ನು ಜಾರಿಗೆ ತಂದಿತು. 2018ರ ನಿಯಮಾವಳಿಯೂ ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್ ಏರಿದಂತೆ ಪ್ರಬಂಧದ ಅಂಕವನ್ನು ಏರಿಸಿತು. ಉಲ್ಲೇಖಗಳನ್ನು ಎಣಿಸುವ ಅಂತರರಾಷ್ಟ್ರೀಯ ದತ್ತಾಂಶ ಸಂಗ್ರಹಗಳಲ್ಲಿ ಇಂಗ್ಲಿಷ್ ನಿಯತಕಾಲಿಕಗಳದೇ ಮೇಲುಗೈ. ಹೀಗಾಗಿ ಶಾಸನ, ಜಾನಪದ, ಹಳಗನ್ನಡ ಕುರಿತು ಕನ್ನಡದಲ್ಲೇ ಬರೆಯುವ ವಿದ್ವಾಂಸರ ಶ್ರಮ ಈ ಲೆಕ್ಕದಿಂದ ಬಹುಮಟ್ಟಿಗೆ ಹೊರಗುಳಿಯುತ್ತದೆ.

ದುರ್ಬಳಕೆ ಮತ್ತು ಎಚ್ಚರಿಕೆ

ಹುದ್ದೆಯು ಅಂಕಿಯನ್ನು ಅವಲಂಬಿಸಿದಾಗ ಅಂಕಿಯನ್ನು ಉಬ್ಬಿಸುವ ಪ್ರಯತ್ನವೂ ಆರಂಭವಾಗುತ್ತದೆ. ಇಟಲಿಯಲ್ಲಿ 2010ರ ವಿಶ್ವವಿದ್ಯಾಲಯ ಸುಧಾರಣೆಯ ತರುವಾಯ, ಪ್ರಾಧ್ಯಾಪಕ ಹುದ್ದೆಯ ಅರ್ಹತೆಗೆ ವಿಜ್ಞಾನ ವಿಷಯಗಳಲ್ಲಿ ಉಲ್ಲೇಖ ಆಧಾರಿತ ಮಿತಿಗಳನ್ನು ವಿಧಿಸಲಾಯಿತು. ಬಳಿಕ ಅಲ್ಲಿನ ಸಂಶೋಧಕರು ತಮ್ಮ ದೇಶದವರನ್ನೇ ಉಲ್ಲೇಖಿಸುವ ಪ್ರಮಾಣ ಗಮನಾರ್ಹವಾಗಿ ಹೆಚ್ಚಿತೆಂದು 2019ರಲ್ಲಿ 'ಪ್ಲಾಸ್ ಒನ್' ನಿಯತಕಾಲಿಕದ ಅಧ್ಯಯನವೊಂದು ತೋರಿಸಿತು.

ನೇಮಕ, ಬಡ್ತಿಗಳಲ್ಲಿ ಇಂಪ್ಯಾಕ್ಟ್ ಫ್ಯಾಕ್ಟರ್ ಅನ್ನು ಪ್ರಬಂಧದ ಗುಣಮಟ್ಟಕ್ಕೆ ಪರ್ಯಾಯವಾಗಿ ಬಳಸಬಾರದೆಂದು, 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸಭೆಯಲ್ಲಿ ರೂಪುಗೊಂಡ 'ಡೋರಾ' ಘೋಷಣೆ ಆಗ್ರಹಿಸಿದೆ. 2015ರ 'ಲೈಡನ್ ಪ್ರಣಾಳಿಕೆ' ಹತ್ತು ಸೂತ್ರಗಳನ್ನು ನೀಡಿದ್ದು, ಸ್ಥಳೀಯ ಮಹತ್ವದ ಸಂಶೋಧನೆಯನ್ನು ರಕ್ಷಿಸಬೇಕೆಂಬುದು ಅವುಗಳಲ್ಲೊಂದು. ಅಂಕಿಗಳು ತಜ್ಞರ ವಿವೇಚನೆಗೆ ನೆರವಾಗಬೇಕು, ಅದರ ಸ್ಥಾನವನ್ನು ಆಕ್ರಮಿಸಬಾರದು ಎಂಬುದು ಅದರ ಮೊದಲ ಸೂತ್ರ. ಆ ವಿವೇಚನೆಗೆ ಬೇಕಾದದ್ದು ಆಯ್ಕೆ ಸಮಿತಿಯು ಅಭ್ಯರ್ಥಿಯ ಪ್ರಬಂಧವನ್ನು ಓದಿ ನೋಡುವುದು.