ಡಬ್ಬಿಯ ಮೇಲಿನ ಹೆಸರು

ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಕಾಳಗಿಗೆ ಬಂದ ತಮ್ಮನ ಮಗ ಚೀಲದಿಂದ ಬಟ್ಟೆ ತೆಗೆಯುವ ಮೊದಲು ಒಂದು ಅಲ್ಯೂಮಿನಿಯಂ ಡಬ್ಬಿ ತೆಗೆದು ನನ್ನ ಮುಂದಿಟ್ಟ. ಅಂಗೈ ಅಗಲ, ಎರಡು ಬೆರಳು ಎತ್ತರ. ಮೇಲ್ಮುಖದಲ್ಲಿ ನಾಲ್ಕು ತೂತು, ಬದಿಗಳಲ್ಲಿ ಮೂರು. ಬಣ್ಣವಿಲ್ಲ, ಬರಹವಿಲ್ಲ.

"ಅತ್ತಿ, ನಿಮ್ಮ ಅಕ್ಷರ ಛಂದ ಅದಾವ. ಇದರ ಮ್ಯಾಲ ಹೆಸರು ಬರದು ಕೊಡ್ರಿ" ಎಂದ.

ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವಳಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇಕೇ? "ಯಾರ ಹೆಸರೋ?" ಎಂದೆ. "ಮನುಷ್ಯಾರದಲ್ರಿ, ನಾಬ್‌ಗಳದು" ಎಂದು ನಕ್ಕ.

ಅದು ಗಿಟಾರಿನ ಪೆಡಲ್. ವಿದ್ಯುತ್ ಗಿಟಾರಿನಿಂದ ಹೊರಟ ದನಿ ಸ್ಪೀಕರಿಗೆ ಹೋಗುವ ದಾರಿಯಲ್ಲಿ ಈ ಡಬ್ಬಿಯೊಳಗೆ ಹಾದು ಹೋಗುತ್ತದೆ. ಕಾಲಿನಿಂದ ಒತ್ತಿದರೆ ಸಾಕು, ದನಿ ಒರಟಾಗುತ್ತದೆ. ಅಂಗಡಿಯಲ್ಲಿ ಸಿಗುತ್ತದೆ, ಆದರೆ ತುಟ್ಟಿ. ಇವನು ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ತಾನೇ ಬೆಸುಗೆ ಹಾಕಿದ್ದ.

ಈ ಡಬ್ಬಿಯ ಹುಟ್ಟಿನ ಕತೆಯನ್ನೂ ಅವನೇ ಹೇಳಿದ. ಅಮೆರಿಕದ ನ್ಯಾಶ್‌ವಿಲ್ ಊರಿನಲ್ಲಿ ಮಾರ್ಟಿ ರಾಬಿನ್ಸ್ ಎಂಬ ಗಾಯಕನ ಹಾಡಿನ ಧ್ವನಿಮುದ್ರಣ ನಡೆದಾಗ ಯಂತ್ರದ ಒಂದು ಭಾಗ ಕೆಟ್ಟು, ಗಿಟಾರಿನ ದನಿ ಹರಿದಂತೆ ಬಂತಂತೆ. ಆ ತಪ್ಪು ಕಿವಿಗೆ ಹಿತವೆನಿಸಿ ಹಾಗೆಯೇ ಬಿಟ್ಟರು. 1961ರಲ್ಲಿ ಹಾಡು ಹೊರಬಂತು. ಗ್ಲೆನ್ ಸ್ನಾಡಿ ಎಂಬ ಎಂಜಿನಿಯರ್ ಆ ತಪ್ಪನ್ನೇ ಬೇಕೆಂದಾಗ ತರಿಸುವ ಸರ್ಕ್ಯೂಟ್ ಮಾಡಿದ. 1962ರಲ್ಲಿ ಗಿಬ್ಸನ್ ಕಂಪನಿ ಅದನ್ನು 'ಮೇಸ್ಟ್ರೋ ಫಝ್ ಟೋನ್' ಎಂದು ಮಾರಿತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಹಾಡೊಂದರಿಂದ ಅದು ಮನೆಮಾತಾಯಿತು.

ನನ್ನ ಮನಸ್ಸು ನಿಂತದ್ದು ಹೆಸರುಗಳ ಮೇಲೆ. ದನಿಯ ಒರಟುತನವನ್ನು ಹೆಚ್ಚು ಕಡಿಮೆ ಮಾಡುವ ನಾಬ್‌ಗೆ ಆ ಮೊದಲ ಪೆಡಲಿನಲ್ಲಿ 'ಅಟ್ಯಾಕ್' ಎಂದು ಬರೆದಿದ್ದರು, ಅಂದರೆ ದಾಳಿ. 1966ರಲ್ಲಿ ಇಂಗ್ಲೆಂಡಿನಲ್ಲಿ ಬಂದ ದುಂಡನೆಯ 'ಫಝ್ ಫೇಸ್' ಎಂಬುದರಲ್ಲಿ ಅದು ಬರೀ 'ಫಝ್'. 1969ರ 'ಬಿಗ್ ಮಫ್' ಎಂಬುದರಲ್ಲಿ ಅಂಥದೇ ಕೆಲಸದ ನಾಬ್‌ಗೆ 'ಸಸ್ಟೇನ್', ಅಂದರೆ ದನಿ ಎಳೆದು ನಿಲ್ಲಿಸುವುದು. ಹೆಚ್ಚುಕಡಿಮೆ ಒಂದೇ ಕೆಲಸ, ಮೂರು ಹೆಸರು. ಹೆಸರಿಡುವವರು ತಮ್ಮ ಕಿವಿಗೆ ಕೇಳಿದ್ದನ್ನು ಬರೆಯುತ್ತಾರೆ.

ಆಗ ನನಗೆ ಅಪ್ಪನ ಹಸಿರು ಡಬ್ಬಿ ನೆನಪಾಯಿತು.

ಅಪ್ಪ ಶಹಾಬಾದಿನ ಕಾರ್ಖಾನೆಯೊಂದರಲ್ಲಿ ವೈರ್‌ಮನ್ ಆಗಿದ್ದರು. ಎಪ್ಪತ್ತರ ದಶಕದಲ್ಲಿ ನಮ್ಮ ಓಣಿಯ ಭಜನೆಗೆಂದು ಒಂದು ಆಂಪ್ಲಿಫೈಯರ್ ಕಟ್ಟಿದರು. ಲಾರಿಯ ಬ್ಯಾಟರಿಯಿಂದ ನಡೆಯುತ್ತಿತ್ತು. ಎಣ್ಣೆ ಡಬ್ಬಿಯ ತಗಡು ಬಡಿದು ಸಪಾಟು ಮಾಡಿ, ಮಡಚಿ ಪೆಟ್ಟಿಗೆ ಮಾಡಿದ್ದರು. ಬಾಗಿಲಿಗೆ ಬಳಿದು ಉಳಿದ ಹಸಿರು ಬಣ್ಣ ಅದರ ಮೈಗೆ. ಕಡ್ಡಿಪೆಟ್ಟಿಗೆಯ ಕಡ್ಡಿಯನ್ನು ಬಿಳಿ ಬಣ್ಣದಲ್ಲಿ ಅದ್ದಿ ಪ್ರತಿಯೊಂದು ನಾಬ್ ಕೆಳಗೂ ಹೆಸರು ಬರೆದಿದ್ದರು. ಉರ್ದುವಿನಲ್ಲಿ.

ನಮ್ಮ ಸೀಮೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಪ್ಪ ಶಾಲೆ ಕಲಿತದ್ದು ನಿಜಾಮರ ಕಾಲದಲ್ಲಿ. ಆಗ ಕಚೇರಿ, ಕೋರ್ಟು, ಶಾಲೆ ಎಲ್ಲ ಉರ್ದು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮೇಲಿನ ಓದೂ ಉರ್ದುವಿನಲ್ಲೇ ನಡೆಯುತ್ತಿತ್ತು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ನಾವು ಮಕ್ಕಳು ಕನ್ನಡ ಶಾಲೆಗೆ ಹೋದೆವು. ಮಾತು ಕನ್ನಡ, ಲೆಕ್ಕ ಬರೆಯುವ ಕೈ ಉರ್ದು, ಹೀಗೇ ಅಪ್ಪ ಕೊನೆಯವರೆಗೂ ಇದ್ದರು.

ಅವ್ವನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಆದರೆ ಹೆಂಗಸರ ಭಜನೆಯ ದಿನ ಪೆಟ್ಟಿಗೆ ನಡೆಸುವವರು ಅವರೇ. ದನಿಯ ನಾಬ್ ಸುತ್ತ ರಂಗೋಲಿಯ ಹಾಗೆ ಚುಕ್ಕಿ ಇಟ್ಟುಕೊಂಡಿದ್ದರು. ಒಂದು ಚುಕ್ಕಿ ಮನೆಯೊಳಗೆ, ಎರಡು ಚುಕ್ಕಿ ಅಂಗಳಕ್ಕೆ, ಮೂರು ಚುಕ್ಕಿ ಗುಡಿಗೆ. ಪೆಟ್ಟಿಗೆಯ ಅಂಚಿಗೆ ಎಲೆಬಳ್ಳಿಯನ್ನೂ ಬರೆದಿದ್ದರು. ಅದನ್ನು ನೋಡಿ ಅಪ್ಪ, "ಆವಾಜು ಅದರಿಂದ ಹೆಚ್ಚಾಗ್ತದೇನು?" ಎಂದು ಚೇಷ್ಟೆ ಮಾಡುತ್ತಿದ್ದರು. ಅಳಿಸಲಂತೂ ಇಲ್ಲ.

1996ರಲ್ಲಿ ಅಪ್ಪ ತೀರಿಕೊಂಡರು. ಮರುವರ್ಷದ ಶ್ರಾವಣದಲ್ಲಿ ತಮ್ಮ ಪೆಟ್ಟಿಗೆ ಹೊರತೆಗೆದ. ಬ್ಯಾಟರಿ ಜೋಡಿಸುವ ಕೆಲಸ ಯಾವಾಗಲೂ ಅಪ್ಪನದು. ಅವ್ವನಿಗೆ ಗೊತ್ತಿದ್ದದ್ದು ಚುಕ್ಕಿಗಳಷ್ಟೇ. ಹಿಂದೆ ಎರಡು ತಿರುಪು ಇದ್ದವು, ಪಕ್ಕದಲ್ಲಿ ಎರಡು ಉರ್ದು ಪದ. ನಮಗೆ ಅವು ಬಳ್ಳಿಯ ಹಾಗೆಯೇ ಕಂಡವು. ತಮ್ಮ ಅಂದಾಜಿನ ಮೇಲೆ ವೈರು ಸಿಕ್ಕಿಸಿದ. ಅರೆಗಳಿಗೆಯಲ್ಲಿ ಸುಟ್ಟ ವಾಸನೆ, ಹೊಗೆ. ಅಪ್ಪನ ಇಪ್ಪತ್ತು ವರ್ಷದ ಪೆಟ್ಟಿಗೆ ಮುಗಿದುಹೋಯಿತು. ಅವ್ವ ಏನೂ ಅನ್ನಲಿಲ್ಲ. ಅಂದು ಭಜನೆ ಬರಿಗೊರಳಿನಲ್ಲೇ ನಡೆಯಿತು.

ಮುಂದಿನ ವಾರ ನಮ್ಮೂರ ಉರ್ದು ಶಾಲೆಯ ಟೀಚರಮ್ಮ ಮನೆಗೆ ಬಂದಾಗ ಪೆಟ್ಟಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಮುಂದಿನ ನಾಬ್‌ಗಳು 'ಆವಾಜ್', 'ಬಾರೀಕ್', 'ಭಾರೀ'. ಅಂದರೆ ದನಿ, ಸಣ್ಣ ಸ್ವರ, ದಪ್ಪ ಸ್ವರ. ಹಿಂದಿನ ತಿರುಪುಗಳು 'ಲಾಲ್', 'ಕಾಲಾ'. ಕೆಂಪು ವೈರು ಇಲ್ಲಿ, ಕರಿದು ಅಲ್ಲಿ. ಅಷ್ಟೇ. ಅಪ್ಪ ಹೇಳಬೇಕಾದದ್ದನ್ನೆಲ್ಲ ಬರೆದೇ ಇಟ್ಟಿದ್ದರು. ಓದುವವರನ್ನು ಮಾತ್ರ ಮನೆಯಲ್ಲಿ ಉಳಿಸಿರಲಿಲ್ಲ. ತಪ್ಪು ಅವರದೆಂದೂ ಹೇಳಲಾರೆ. ದಿನಾ ಸಂಜೆ ಪಕ್ಕದಲ್ಲಿ ಕೂತರೂ "ಇದೇನು ಬರದೀರಿ ಅಪ್ಪಾ?" ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಈ ಕತೆಯನ್ನು ಅಳಿಯನಿಗೆ ಹೇಳಿದೆ. ಅವನು ಸುಮ್ಮನೆ ತನ್ನ ಡಬ್ಬಿಯ ಹಿಂದಿನ ತೂತು ತೋರಿಸಿದ. ಅಲ್ಲಿ 9 ವೋಲ್ಟಿನ ವೈರು ಬರುತ್ತದೆ. ಬಹುತೇಕ ಪೆಡಲುಗಳಲ್ಲಿ ನಡುವಿನ ಮೊಳೆ ಋಣ, ಹೊರಗಿನ ಉಂಗುರ ಧನ. ತಿಳಿಯದೆ ಉಲ್ಟಾ ಕೊಟ್ಟರೆ ಇದೂ ಸುಟ್ಟುಹೋಗಬಹುದು!

ಹಾಗಾಗಿ ನಾವಿಬ್ಬರೂ ಕೆಲಸಕ್ಕೆ ಕೂತೆವು. ಡಬ್ಬಿಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬೆರಳಿನ ಜಿಡ್ಡು ಉಳಿಯದಂತೆ ಥಿನ್ನರಿನಲ್ಲಿ ಒರೆಸಿದೆವು. ಜಿಡ್ಡಿದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಮೊದಲು ಪ್ರೈಮರ್, ಆಮೇಲೆ ಹಸಿರು ಬಣ್ಣ, ತೆಳುವಾಗಿ ಮೂರು ಸಲ. ಲೋಹವನ್ನು ಸಿಂಗರಿಸುವುದು ನಮ್ಮ ಕಡೆಗೆ ಹೊಸದೇನಲ್ಲ. ಬೀದರಿನ ಕುಶಲಕರ್ಮಿಗಳು ಸತು ತಾಮ್ರದ ಎರಕದ ಮೇಲೆ ಉಳಿಯಿಂದ ಗೆರೆ ಕೊರೆದು, ಬೆಳ್ಳಿ ಕೂಡಿಸಿ, ಕೋಟೆಯ ಮಣ್ಣಿನ ಪಾಕದಲ್ಲಿ ಕಪ್ಪಾಗಿಸುತ್ತಾರೆ. ಅವರ ತಾಳ್ಮೆ ನನಗೆಲ್ಲಿ ಬರಬೇಕು? ಮಾರ್ಕರ್ ಪೆನ್ನಿನಿಂದ ಬರೆದ ಮೇಲೆ ಅವಸರದಲ್ಲಿ ವಾರ್ನಿಷ್ ದಪ್ಪಗೆ ಹೊಡೆದುಬಿಟ್ಟೆ. ಅಕ್ಷರಗಳೆಲ್ಲ ಮಳೆಗೆ ಸಿಕ್ಕ ಕುಂಕುಮದಂತೆ ಹರಿದವು. ಉಜ್ಜಿ, ಮತ್ತೆ ಮೊದಲಿನಿಂದ. ಎರಡನೆಯ ಸಲ ಅಕ್ಷರವನ್ನು ರಾತ್ರಿಯಿಡೀ ಒಣಗಲು ಬಿಟ್ಟು, ದೂರದಿಂದ ಇಬ್ಬನಿಯಷ್ಟೇ ವಾರ್ನಿಷ್ ಸಿಂಪಡಿಸಿ, ಅದು ಒಣಗಿದ ಮೇಲೆ ಮತ್ತೊಂದು ಪದರ ಕೊಟ್ಟೆ. ಒತ್ತಕ್ಷರಗಳು ಮುಚ್ಚಿಕೊಳ್ಳದಂತೆ ಸಣ್ಣ ಪದಗಳನ್ನೇ ಆರಿಸಿದೆವು: 'ದನಿ', 'ಒರಟು'.

"ನಿನ್ನ ಗೆಳೆಯರು ಕನ್ನಡ ಓದ್ತಾರೇನು?" ಎಂದು ಕೇಳಿದೆ. ಇಬ್ಬರು ಓದುವುದಿಲ್ಲವಂತೆ. ಹಾಗಾದರೆ ಕನ್ನಡದ ಕೆಳಗೆ ಇಂಗ್ಲಿಷೂ ಇರಲಿ ಎಂದೆ. ಭಾಷೆಯ ಅಭಿಮಾನ ನನಗೆ ಕಡಿಮೆಯೇನಿಲ್ಲ. ಆದರೆ ಹೆಸರು ಬರೆಯುವುದು ನಮ್ಮ ನಂತರ ಆ ವಸ್ತುವನ್ನು ಮುಟ್ಟುವವರಿಗಾಗಿ ಎಂಬುದನ್ನು ಆ ಹೊಗೆ ನನಗೆ ಕಲಿಸಿತ್ತು. ಯಾವ ಅಕ್ಷರವೂ ಬಾರದವರಿಗಾಗಿ ದನಿಯ ನಾಬ್ ಸುತ್ತ ಒಂದು, ಎರಡು, ಮೂರು ಚುಕ್ಕಿ ಇಟ್ಟೆ. ಹಿಂದಿನ ತೂತಿನ ಪಕ್ಕ ಕೆಂಪು, ಕಪ್ಪು ಗುರುತು ಹಾಕಿ, '9 ವೋಲ್ಟ್, ನಡುವೆ ಋಣ' ಎಂದು ಎರಡೂ ಲಿಪಿಯಲ್ಲಿ ಬರೆದೆ.

ಈಗ ಎಂಬತ್ತು ದಾಟಿದ ಅವ್ವನ ಕೈಗೆ ಡಬ್ಬಿ ಕೊಟ್ಟೆವು. ಕಣ್ಣು ಮಂಜು. ಬೆರಳಿನಿಂದ ಸವರಿ ಚುಕ್ಕಿ ಹುಡುಕಿದರು. "ಮೂರನೇದು ಗುಡಿಗೆ" ಎಂದರು. ಆಮೇಲೆ ಅಂಚನ್ನು ಸವರಿ, "ಬಳ್ಳಿ ಎಲ್ಲೈತಿ?" ಎಂದು ಕೇಳಿದರು.

ಅದನ್ನು ಬರೆಯಲು ಮತ್ತೊಂದು ದಿನ ಹಿಡಿಯಿತು.