ಹೂಳೋ, ರೋಗವೋ? ಮಯಾಮಿಯ ಹವಳ ದಿಬ್ಬಗಳು ಮತ್ತು ಡೈವರನ ಸಾಕ್ಷ್ಯ

ಪನಾಮಾ ಕಾಲುವೆ ವಿಸ್ತರಣೆಯ ನಂತರ ಬರಲಿದ್ದ ಭಾರೀ ಹಡಗುಗಳಿಗಾಗಿ ಫ್ಲಾರಿಡಾದ ಮಯಾಮಿ ಬಂದರಿನ ಹಡಗುದಾರಿಯನ್ನು 2013ರಿಂದ 2015ರವರೆಗೆ ಆಳಗೊಳಿಸಲಾಯಿತು. ಆ ದಾರಿ ಹವಳ ದಿಬ್ಬಗಳನ್ನು ಸೀಳಿಕೊಂಡೇ ಹೋಗುತ್ತದೆ. ಕಡಲತಳದ ಸುಣ್ಣಕಲ್ಲನ್ನು ಕೊರೆದೆತ್ತುವಾಗ ಎದ್ದ ನುಣುಪು ಹೂಳು ಅಕ್ಕಪಕ್ಕದ ದಿಬ್ಬಗಳ ಮೇಲೆ ಕೂತಿತು. ವಿವಾದ ಹುಟ್ಟಿದ್ದು ಇಲ್ಲಿಂದಲ್ಲ. 2014ರಲ್ಲಿ ನೀರು ಬಿಸಿಯಾಗಿ ಹವಳಗಳು ಬಿಳಿಚಿದವು. ಗಟ್ಟಿ ಹವಳಗಳ ಅಂಗಾಂಶವನ್ನೇ ಕಳಚುವ ಹೊಸ ರೋಗವೊಂದು ಮೊದಲು ಕಾಣಿಸಿಕೊಂಡದ್ದೂ ಅದೇ ವರ್ಷ, ಮಯಾಮಿಯ ಬಳಿಯಲ್ಲೇ. ಸತ್ತ ಹವಳದ ಲೆಕ್ಕವನ್ನು ಯಾರ ಖಾತೆಗೆ ಬರೆಯಬೇಕು?

ಉತ್ತರ ನೀರಿನಡಿಯಲ್ಲೇ ಇದೆ, ಆದರೆ ಅದನ್ನು ಓದಲು ತಾಳ್ಮೆ ಬೇಕು. ಹವಳ ತನ್ನ ಮೇಲೆ ಬಿದ್ದ ಹೂಳನ್ನು ಲೋಳೆಯಲ್ಲಿ ಸುತ್ತಿ ಕೆಳಕ್ಕೆ ಜಾರಿಸುತ್ತದೆ. ಗುಮ್ಮಟದಾಕಾರದ ಗುಡ್ಡೆಯಾದರೆ ಜಾರಿದ್ದೆಲ್ಲ ಬುಡದ ಸುತ್ತ ಕಟ್ಟೆಯಂತೆ ನಿಲ್ಲುತ್ತದೆ. ಅಲ್ಲಿ ಬೆಳಕೂ ಇಲ್ಲ, ಉಸಿರೂ ಇಲ್ಲ. ನೆತ್ತಿ ಜೀವಂತ, ಬುಡದಲ್ಲಿ ಸತ್ತ ಅಂಗಾಂಶದ ಬಳೆ: ಹೂಳು ಬಿಟ್ಟುಹೋಗುವ ರುಜು ಇದು. ರೋಗ ತಗುಲಿದಲ್ಲಿ ಅಂಗಾಂಶ ಕಳಚಿ, ಬೆಳ್ಳನೆಯ ಸುಣ್ಣದ ಹಂದರ ಬತ್ತಲಾಗುತ್ತದೆ. ಆದರೆ ಈ ರೋಗವೂ ಎಷ್ಟೋ ಸಲ ಬುಡದಿಂದಲೇ ಶುರುವಾಗುತ್ತದೆ. ಆದ್ದರಿಂದ ಒಂದೇ ಮುಳುಗಿನಲ್ಲಿ ತೀರ್ಪು ಕೊಡುವ ಡೈವರನನ್ನು ನಾನು ನಂಬಲಾರೆ. ‘ನೀರು ಕಲಕಿತ್ತು, ಏನೂ ಕಾಣಲಿಲ್ಲ’ ಎಂಬ ಪ್ರವಾಸಿ ಡೈವರನ ದೂರು ನೀರಿನ ಸಂಗತಿ, ದಿಬ್ಬದ್ದಲ್ಲ. ಕೆಲವೊಮ್ಮೆ ಆ ಕಲಕು ಅವನದೇ ಕಾಲಿನ ರೆಕ್ಕೆಗಳಿಂದ ಎದ್ದದ್ದೂ ಹೌದು!

ಮಯಾಮಿಯಲ್ಲಿ ವಾದ ಒಂದು ನೆಲೆಗೆ ಬಂದದ್ದು ಬೇಸರದ ಕೆಲಸದಿಂದ. ಗುರುತುಬಿಲ್ಲೆ ಹಾಕಿದ ಅವೇ ಹವಳಗಳನ್ನು ಡೈವರುಗಳು ಮತ್ತೆ ಮತ್ತೆ ಹೋಗಿ ನೋಡಿದ್ದರು. ಹೂಳು ಹಿಡಿಯುವ ಪಾತ್ರೆಗಳನ್ನೂ ತಳದಲ್ಲಿ ಇಟ್ಟಿದ್ದರು. ಹವಳ ಸಂಶೋಧಕ ರಾಸ್ ಕನಿಂಗ್ ಮತ್ತು ಸಂಗಡಿಗರು 2019ರಲ್ಲಿ ಆ ದಾಖಲೆಗಳನ್ನು ಉಪಗ್ರಹ ಚಿತ್ರಗಳ ಜೊತೆ ಹೊಂದಿಸಿ ನೋಡಿದರು. ಹೂಳೆತ್ತಿದ ದಾರಿಯಿಂದ 500 ಮೀಟರ್ ಒಳಗೇ ಐದು ಲಕ್ಷಕ್ಕೂ ಮಿಕ್ಕಿ ಹವಳಗಳು ಸತ್ತಿರಬೇಕೆಂದು ಅವರ ಅಂದಾಜು. ದಾರಿಗೆ ಹತ್ತಿರವಾದಷ್ಟೂ ಸಾವು ಹೆಚ್ಚು. ರೋಗವೊಂದೇ ಕಾರಣವಾಗಿದ್ದರೆ ದೂರಕ್ಕೂ ಸಾವಿಗೂ ಇಂಥ ನಂಟು ಕಾಣುತ್ತಿರಲಿಲ್ಲ. ರೋಗದ ಪಾಲು ಇಲ್ಲವೆಂದಲ್ಲ. ಆದರೆ ಹೂಳನ್ನು ಖುಲಾಸೆ ಮಾಡಲು ರೋಗವನ್ನು ಮುಂದೊಡ್ಡುವುದು ಈ ದಾಖಲೆಗಳ ಮುಂದೆ ನಿಲ್ಲುವುದಿಲ್ಲ.

ಈ ಪಾಠ ನಮ್ಮ ಕಡಲಿಗೂ ಸಲ್ಲುತ್ತದೆ. ನಮ್ಮ ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದತ್ತ ಮಳೆಗಾಲ ಕಳೆದೊಡನೆ ಸ್ಕೂಬಾ ದೋಣಿಗಳು ಹೊರಡುತ್ತವೆ. ಮಳೆಗಾಲದಲ್ಲಿ ಹೊಳೆಗಳು ತರುವ ಕೆಸರು ಈ ಕಡಲಿಗೆ ಹೊಸದಲ್ಲ. ಹಾಗಾಗಿಯೇ ನಾಳೆ ಯಾವುದಾದರೂ ಕಾಮಗಾರಿಯ ಹೂಳನ್ನು ಅದರಿಂದ ಬೇರ್ಪಡಿಸುವುದು ಇಲ್ಲಿ ಇನ್ನೂ ಕಷ್ಟ. ದೋಣಿ ನಡೆಸುವವರಲ್ಲಿ ಒಂದು ವಿನಂತಿ: ಹತ್ತು ಹವಳದ ಗುಡ್ಡೆಗಳನ್ನು ಆರಿಸಿಕೊಳ್ಳಿ, ಪ್ರತಿ ಋತುವಿನ ಮೊದಲ ಮುಳುಗಿನಲ್ಲೂ ಕೊನೆಯದರಲ್ಲೂ ಅವುಗಳ ಬುಡದ ಚಿತ್ರ ತೆಗೆದು, ದಿನಾಂಕ ಬರೆದಿಡಿ.